ರೋಗ ನಮ್ಮ ಸ್ನೇಹಿತನಂತೆ, ಆದರೆ ಎಷ್ಟು ದಿನದವರೆಗೆ?

ಪ್ರಕೃತಿ ಚಿಕಿತ್ಸೆಯ ಆಸ್ಪತ್ರೆಗೆ ಸೇರಿದ ಎರಡನೇ ದಿನ ಮಧ್ಯಾಹ್ನ ಶುರುವಾದ ತಲೆನೋವು ರಾತ್ರಿ ಹೊತ್ತಿಗೆ, ಈ ತಲೆಯನ್ನು ಯಾರಾದರೂ ಕಿತ್ತು ಪಕ್ಕಕ್ಕಿಟ್ಟರೆ ಸಾಕಪ್ಪಾ ಅನ್ನುವಷ್ಟಾಯಿತು. ಬೆಳಿಗ್ಗೆಯಿಂದ ಹೊಟ್ಟೆಗೆ ಬಿದ್ದಿದ್ದು ಒಂದು ಲೋಟ ಬೂದುಗುಂಬಳಕಾಯಿ ರಸ, ಒಂದು ಲೋಟ ನಿಂಬೆಹಣ್ಣು-ಜೇನುತುಪ್ಪದ ನೀರು, ಸಂಜೆಗೆ ಒಂದು ಎಳನೀರು. ಅಷ್ಟೇ. ಪಕ್ಕದ ಮಂಚದಲ್ಲಿ ತಿಪಟೂರು ಕಡೆಯ ತೆಂಗಿನ ತೋಟದ ಯಜಮಾನರೊಬ್ಬರಿದ್ದರು, ಮಂಡಿನೋವಿಗೆ ಬಂದವರು. ನಾನು ನರಳುವುದನ್ನು ನೋಡಿ, "ದುಡ್ಡು ಕೊಟ್ಟು ಉಪವಾಸ ಮಾಡಕ್ಕೆ ಬಂದಿದೀವಲ್ಲ ಸಾರ್, ನಮ್ಮಷ್ಟು ಬುದ್ಧಿವಂತರು ಯಾರವ್ರೆ ಹೇಳಿ" ಅಂದರು. ನಗೋಣ ಅಂದರೆ ತಲೆ ಬಿಡಲಿಲ್ಲ.

ಬಿಸಿನೀರಿನ ಬಕೆಟ್ ತಂದ ಹುಡುಗ, ಅಲ್ಲಿ ಚಿಕಿತ್ಸೆ ಕೊಡುವವನು, ನನಗೆ ಧೈರ್ಯ ಹೇಳಿದ. "ಒಳ್ಳೇದೇ ಸರ್. ದೇಹದಲ್ಲಿರೋ ವಿಷ ಎಲ್ಲ ಹೊರಗೆ ಹೋಗ್ತಾ ಇದೆ. ಇದಕ್ಕೆ ಹೀಲಿಂಗ್ ಕ್ರೈಸಿಸ್ ಅಂತಾರೆ." ನಿಜ ಹೇಳಬೇಕೆಂದರೆ ನನಗೆ ಒಂಥರಾ ಹೆಮ್ಮೆಯಾಯಿತು. ಎರಡೇ ದಿನಕ್ಕೆ ಇಷ್ಟು ವಿಷ ಹೊರಗೆ ಹೋಗ್ತಿದೆ ಅಂದರೆ ನಾನು ಎಷ್ಟು ಕೂಡಿಟ್ಟಿದ್ದೆ ನೋಡಿ!

ರಾತ್ರಿ ರೌಂಡ್ಸ್‌ಗೆ ಬಂದ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೈ ಹಿಡಿದು ನಾಡಿ ನೋಡಿದರು, ಬಿಪಿ ನೋಡಿದರು, ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು. "ಮನೇಲಿ ದಿನಕ್ಕೆ ಎಷ್ಟು ಕಾಫಿ?"

"ಐದು... ಆಫೀಸಿನದೂ ಸೇರಿದರೆ ಆರು."

"ಹಾಗಾದ್ರೆ ಇದು ಕಾಫಿ ತಲೆನೋವು ಸರ್. ದಿನಾ ಕುಡಿಯೋರು ಒಮ್ಮೆಗೇ ಬಿಟ್ರೆ ತಲೆಯ ರಕ್ತನಾಳ ಹಿಗ್ಗುತ್ತೆ, ನೋವು ಬರುತ್ತೆ. ಇನ್ನೆರಡು ಮೂರು ದಿನ ತಡ್ಕೊಳ್ಳಿ, ತಾನಾಗೇ ಹೋಗುತ್ತೆ."

ಹೆಮ್ಮೆಯೆಲ್ಲ ಇಳಿದುಹೋಯಿತು. ಆದರೆ ನಾನು ಅಲ್ಲಿದ್ದ ಹತ್ತು ದಿನ, ಬಂದ ಮೇಲೂ, ಈ ಎರಡು ಉತ್ತರಗಳು ನನ್ನ ತಲೆಯಿಂದ ಹೋಗಿಲ್ಲ. ಒಂದೇ ತಲೆನೋವು, ಒಂದೇ ಆಸ್ಪತ್ರೆ, ಎರಡು ವಿವರಣೆ. ಒಂದು ಅಲ್ಲಿಯ ತತ್ವಗಳನ್ನು ಬರೆದು ಗೋಡೆಗೆ ಹಾಕಿದ್ದ ಬೋರ್ಡಿನಿಂದ ಬಂದಿದ್ದು, ಇನ್ನೊಂದು ರೋಗಿಯನ್ನು ಕೇಳಿ ತಿಳಿದಿದ್ದು.

ನಾನು ಹೋಗಿದ್ದು ಹೊಟ್ಟೆಯುರಿಗೆ. ಆರು ವರ್ಷದಿಂದ ಬೆಳಿಗ್ಗೆ ಎದ್ದ ತಕ್ಷಣ ಒಂದು ಗ್ಯಾಸ್ ಮಾತ್ರೆ, ಆಮೇಲೆ ಏನು ಬೇಕಾದರೂ ತಿನ್ನಬಹುದು ಅನ್ನುವ ಧೈರ್ಯ. ನಮ್ಮ ಫ್ಯಾಮಿಲಿ ಡಾಕ್ಟರೇ ಒಂದು ದಿನ ಬೇಜಾರಾಗಿ, "ನೀವು ರಾತ್ರಿ ಹನ್ನೊಂದಕ್ಕೆ ಊಟ ಮಾಡೋದು ಬಿಡೋವರೆಗೂ ನಾನು ಏನು ಬರೆದುಕೊಟ್ರೂ ಅಷ್ಟೇ ಕಣ್ರೀ" ಅಂದರು. ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಬೇಡಿ, ನಿಲ್ಲಿಸಿದರೆ ಆಸಿಡ್ ಇನ್ನೂ ಜೋರಾಗಿ ಬರುತ್ತೆ, ನಿಧಾನಕ್ಕೆ ಇಳಿಸಿ ಅಂತಲೂ ಹೇಳಿ ಕಳಿಸಿದ್ದರು. ಪ್ರಕೃತಿ ಚಿಕಿತ್ಸೆಗೆ ನನ್ನನ್ನು ದೂಡಿದ್ದು ಇಂಗ್ಲಿಷ್ ಡಾಕ್ಟರೇ ಅನ್ನೋದು ತಮಾಷೆ.

ಅಲ್ಲಿ ದಿನ ಶುರುವಾಗುವುದು ಬೆಳಿಗ್ಗೆ ಐದೂವರೆಗೆ, ಮಣ್ಣಿನ ಪಟ್ಟಿಯಿಂದ. ಖಾಲಿ ಹೊಟ್ಟೆಯಲ್ಲಿ ಅಂಗಾತ ಮಲಗಬೇಕು. ಒಂದು ತೆಳು ಬಟ್ಟೆಯಲ್ಲಿ ಹೋಳಿಗೆಯ ಹೂರಣ ಮಡಚಿದ ಹಾಗೆ ಮಡಚಿದ ಒದ್ದೆ ಮಣ್ಣು, ಇಟ್ಟಿಗೆಗಿಂತ ಸ್ವಲ್ಪ ಅಗಲ. ಅದನ್ನು ಹೊಕ್ಕುಳಿನ ಕೆಳಗೆ ಇಟ್ಟ ಕೂಡಲೇ ಮೈಯೆಲ್ಲ ಜುಮ್ ಅನ್ನುತ್ತೆ, ಉಸಿರು ಒಳಗೇ ನಿಲ್ಲುತ್ತೆ. ಮೊದಲ ಮಳೆ ಬಿದ್ದಾಗ ಬರುವ ವಾಸನೆ. ಕಣ್ಣಿನ ಮೇಲೂ ಒಂದು ಚಿಕ್ಕ ಪಟ್ಟಿ. ಇಪ್ಪತ್ತು ನಿಮಿಷ ಸುಮ್ನೆ ಬಿದ್ದಿರಬೇಕು. ಮಣ್ಣು ಎಲ್ಲಿಂದ ತರ್ತೀರಪ್ಪಾ ಅಂತ ಕೇಳಿದೆ. ಮೇಲ್ಮಣ್ಣು ಆಗೋದಿಲ್ಲವಂತೆ, ಅದರಲ್ಲಿ ಗೊಬ್ಬರ, ಕಸ ಇರುತ್ತೆ. ಮೂರು ನಾಲ್ಕು ಅಡಿ ಅಗೆದು, ಅಲ್ಲಿಯ ಮಣ್ಣು ತೆಗೆದು, ಬಿಸಿಲಿಗೆ ಒಣಗಿಸಿ, ಜರಡಿ ಹಿಡಿದು, ಹಿಂದಿನ ರಾತ್ರಿ ನೆನೆಹಾಕುತ್ತಾರೆ. ದೋಸೆಗೆ ನೆನೆಹಾಕಿದ ಹಾಗೆ. (ಉಪವಾಸದಲ್ಲಿದ್ದವನಿಗೆ ಹೋಳಿಗೆ, ದೋಸೆ ಬಿಟ್ಟು ಬೇರೆ ಹೋಲಿಕೆ ಹೊಳೆಯೋದಿಲ್ಲ, ಕ್ಷಮಿಸಿ.)

ಆಮೇಲೆ ಎನಿಮಾ, ಅದರ ವಿವರ ಬೇಡ. ಆಮೇಲೆ ಕುರ್ಚಿಯಂಥ ತೊಟ್ಟಿಯಲ್ಲಿ ಕಟಿಸ್ನಾನ. ಹೊಕ್ಕುಳವರೆಗೆ ತಣ್ಣೀರು, ಕಾಲು ಹೊರಗೆ, ಒರಟು ಬಟ್ಟೆಯಿಂದ ಕಿಬ್ಬೊಟ್ಟೆ ಉಜ್ಜಿಕೊಳ್ಳುತ್ತಾ ಕೂರಬೇಕು. ಘನವಾದ ಮನುಷ್ಯರೆಲ್ಲ ಸಾಲಾಗಿ ತೊಟ್ಟಿಯಲ್ಲಿ ಕೂತು ಹೊಟ್ಟೆ ಉಜ್ಜಿಕೊಳ್ಳುವುದನ್ನು ನೋಡಿದರೆ ಯಾರ ಮೇಲೂ ಸಿಟ್ಟು ಉಳಿಯೋದಿಲ್ಲ.

ಊಟದ ಹಾಲಿನ ಗೋಡೆಯ ಮೇಲೆ ಆ ಬೋರ್ಡ್ ಇತ್ತು. ಪ್ರಕೃತಿ ಚಿಕಿತ್ಸೆಯ ಮೂಲ ತತ್ವಗಳು. ತಟ್ಟೆಯಲ್ಲಿ ಒಂದು ಹೋಳು ಪಪ್ಪಾಯಿ ಇದ್ದಾಗ ಓದೋಕೆ ತುಂಬಾ ಟೈಮ್ ಇರುತ್ತೆ, ಹಾಗಾಗಿ ಬಾಯಿಪಾಠವಾಗಿದೆ. ರೋಗ ಒಂದೇ, ಕಾರಣ ಒಂದೇ, ಚಿಕಿತ್ಸೆಯೂ ಒಂದೇ. ದೇಹದಲ್ಲಿ ಕಲ್ಮಶ ಸೇರುವುದೇ ರೋಗದ ಮೂಲ, ರೋಗಾಣುಗಳಲ್ಲ. ತೀವ್ರ ರೋಗಗಳು ನಮ್ಮ ಶತ್ರುಗಳಲ್ಲ, ಮಿತ್ರರು. ಪ್ರಕೃತಿಯೇ ವೈದ್ಯ. ಚಿಕಿತ್ಸೆ ರೋಗಕ್ಕಲ್ಲ, ರೋಗಿಗೆ. ಆಹಾರವೇ ಔಷಧ, ಬೇರೆ ಔಷಧ ಬೇಡ. ಹೀಗೆ ಸಾಗಿ, ಕೊನೆಗೆ ಗಾಂಧೀಜಿ ಹೇಳಿದ ರಾಮನಾಮ.

ಇದರ ಹಿಂದಿನ ಲೆಕ್ಕ ಸರಳವಾಗಿದೆ. ಮೈ ತನ್ನನ್ನು ತಾನೇ ವಾಸಿ ಮಾಡಿಕೊಳ್ಳುತ್ತೆ. ಬೆರಳು ಕೊಯ್ದರೆ ಚರ್ಮ ಕೂಡಿಸುವುದು ಡಾಕ್ಟರಲ್ಲ, ಮೂಳೆ ಮುರಿದರೆ ಪಟ್ಟು ಹಾಕುವವನು ಮೂಳೆಯನ್ನು ನೇರ ಹಿಡಿದಿರುತ್ತಾನೆ ಅಷ್ಟೇ, ಕೂಡಿಕೊಳ್ಳುವುದು ಮೂಳೆಯೇ. ಹಾಗಾಗಿ ವೈದ್ಯನ ಕೆಲಸ ಅಡ್ಡ ಇರುವುದನ್ನು ತೆಗೆಯುವುದು, ದಾರಿ ಬಿಡುವುದು. ಮೈ ಪಂಚಭೂತಗಳಿಂದ ಆಗಿದ್ದು, ಅದಕ್ಕೆ ಮದ್ದೂ ಅವೇ. ಮಣ್ಣಿಗೆ ಪಟ್ಟಿ, ನೀರಿಗೆ ಸ್ನಾನ, ಬೆಂಕಿಗೆ ಬಿಸಿಲು, ಗಾಳಿಗೆ ಪ್ರಾಣಾಯಾಮ. ಆಕಾಶಕ್ಕೆ ಏನು ಗೊತ್ತಾ? ಉಪವಾಸ. ಹೊಟ್ಟೆಯಲ್ಲಿ ಜಾಗ ಖಾಲಿ ಬಿಡುವುದೇ ಆಕಾಶ ಚಿಕಿತ್ಸೆ. ಇದನ್ನು ಯೋಚಿಸಿದವನಿಗೆ ನನ್ನ ನಮಸ್ಕಾರ.

ನಮ್ಮಜ್ಜಿ ಇಷ್ಟೆಲ್ಲ ಹೇಳುತ್ತಿರಲಿಲ್ಲ. ಹೊಟ್ಟೆ ಕೆಟ್ಟರೆ "ಒಂದ್ಹೊತ್ತು ಲಂಘನ ಮಾಡು, ಸರಿಹೋಗುತ್ತೆ" ಅನ್ನುತ್ತಿದ್ದಳು. ಲಂಘನಂ ಪರಮೌಷಧಂ ಅನ್ನೋದು ನಮ್ಮಲ್ಲಿ ಓದುಬರಹ ಇಲ್ಲದವರಿಗೂ ಗೊತ್ತಿದ್ದ ಮಾತು. ಹಾಗಾಗಿ ಇದೆಲ್ಲ ಋಷಿಮುನಿಗಳ ಕಾಲದ್ದು ಅಂತ ಅಂದುಕೊಂಡಿದ್ದೆ. ಆದರೆ ಆ ತೊಟ್ಟಿಯ ಕಟಿಸ್ನಾನ, "ರೋಗ ಒಂದೇ" ಅನ್ನುವ ಮಾತು, ಇವೆರಡರ ಮೂಲ ಜರ್ಮನಿ. ಲೂಯಿ ಕೂನೆ ಅನ್ನುವವನು, ಮರಗೆಲಸದವನು, ತನ್ನ ಕಾಯಿಲೆಗೆ ಡಾಕ್ಟರುಗಳಿಂದ ಏನೂ ಆಗದೆ ರೋಸಿಹೋಗಿ ನೀರಿನ ಚಿಕಿತ್ಸೆ ಹಿಡಿದವನು. 1883ರಲ್ಲಿ ಲೈಪ್‌ಜಿಗ್‌ನಲ್ಲಿ ತನ್ನದೇ ಚಿಕಿತ್ಸಾಲಯ ತೆರೆದ. ಹೊಟ್ಟೆಯಲ್ಲಿ ಕಲ್ಮಶ ಸೇರುತ್ತೆ, ಹುಳಿಯುತ್ತೆ, ಮೈಯೆಲ್ಲ ಹರಡುತ್ತೆ, ರೋಗ ಅಂದರೆ ಇಷ್ಟೇ ಅನ್ನುವುದು ಅವನ ವಾದ. ಅವನ ಪುಸ್ತಕ ಭಾರತಕ್ಕೆ ಬಂತು, ತೆಲುಗಿಗೆ, ಹಿಂದಿಗೆ, ಉರ್ದುವಿಗೆ ಹೋಯಿತು, ಗಾಂಧೀಜಿ ಕೈಗೂ ಸಿಕ್ಕಿತು. ಮಣ್ಣಿನ ಪಟ್ಟಿ ಗಾಂಧೀಜಿಗೆ ಸಿಕ್ಕಿದ್ದು ಇನ್ನೊಬ್ಬ ಜರ್ಮನ್ ಅಡಾಲ್ಫ್ ಜಸ್ಟ್ ಬರೆದಿದ್ದರಿಂದ, ಅದೂ ಮಲಬದ್ಧತೆಗೆ.

ಇಲ್ಲಿ ನನಗೆ ಕುತೂಹಲ ಅನ್ನಿಸುವುದು ಬೇರೆ. ಕೂನೆ ಅಂಗಡಿ ತೆರೆಯುವ ಒಂದು ವರ್ಷದ ಮುಂಚೆ, 1882ರ ಮಾರ್ಚ್‌ನಲ್ಲಿ, ಅದೇ ಜರ್ಮನಿಯ ಬರ್ಲಿನ್‌ನಲ್ಲಿ ರಾಬರ್ಟ್ ಕಾಕ್ ಕ್ಷಯಕ್ಕೆ ಕಾರಣವಾದ ರೋಗಾಣು ಇದೇ ಅಂತ ತೋರಿಸಿದ್ದ. ಒಂದೇ ದೇಶ, ಸುಮಾರು ಒಂದೇ ಕಾಲ. ಒಬ್ಬ ಒಂದೊಂದು ರೋಗಕ್ಕೆ ಒಂದೊಂದು ಕಾರಣ ಅನ್ನುತ್ತಿದ್ದಾನೆ, ಇನ್ನೊಬ್ಬ ಎಲ್ಲಕ್ಕೂ ಒಂದೇ ಕಾರಣ ಅನ್ನುತ್ತಿದ್ದಾನೆ. ನಮ್ಮ ಊಟದ ಹಾಲಿನ ಬೋರ್ಡಿನಲ್ಲಿ ಇನ್ನೂ ಕೂನೆ ಇದ್ದಾನೆ.

ಕ್ಷಯದ ವಿಷಯ ಸುಮ್ನೆ ಎತ್ತಲಿಲ್ಲ.

ನಮ್ಮ ಚಿಕ್ಕಪ್ಪ ಊರಲ್ಲೇ ಇರುವವರು, ಜಮೀನು ನೋಡಿಕೊಂಡು. ಕೆಲವು ವರ್ಷದ ಹಿಂದೆ ಅವರಿಗೆ ಸಂಜೆ ಹೊತ್ತು ಸಣ್ಣಗೆ ಜ್ವರ ಬರೋಕೆ ಶುರುವಾಯಿತು. ರಾತ್ರಿ ಬೆವರು, ಒಣ ಕೆಮ್ಮು. ಮಾತ್ರೆ ಅಂದರೆ ಅವರಿಗೆ ಮೊದಲಿಂದಲೂ ಆಗದು. ಪ್ರಕೃತಿ ಚಿಕಿತ್ಸೆ ಮಾಡುತ್ತೇನೆ ಅನ್ನುವ ಒಬ್ಬರ ಹತ್ತಿರ ಹೋದರು. ಹೆಸರು, ಊರು ಬೇಡ, ಓದಿ ಡಿಗ್ರಿ ತೆಗೆದವರೂ ಅಲ್ಲ. "ಜ್ವರ ಶತ್ರು ಅಲ್ಲ ಯಜಮಾನ್ರೇ, ಮಿತ್ರ. ಒಳಗಿನ ಕಸ ಸುಡ್ತಾ ಇದೆ, ಸುಡೋಕೆ ಬಿಡಿ" ಅಂದರಂತೆ ಅವರು. ಹಣ್ಣಿನ ರಸ, ಉಪವಾಸ, ತಣ್ಣೀರು ಪಟ್ಟಿ. ಚಿಕ್ಕಪ್ಪ ಇಳಿಯುತ್ತಾ ಹೋದರು. ಇಳಿದಷ್ಟೂ ಕಲ್ಮಶ ಹೋಯಿತು ಅನ್ನುವ ಸಮಾಧಾನ. ಮೂರು ತಿಂಗಳಾದ ಮೇಲೆ ಯುಗಾದಿಗೆ ಊರಿಗೆ ಹೋದಾಗ ನೋಡುತ್ತೇನೆ, ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿದೆ, ಪಂಚೆ ಸೊಂಟದಲ್ಲಿ ನಿಲ್ಲದೆ ಬೆಲ್ಟ್ ಹಾಕಿದ್ದಾರೆ. ಚಿಕ್ಕಮ್ಮ ಅಡುಗೆಮನೆಗೆ ಕರೆದು, "ನೀನಾದ್ರೂ ಹೇಳೋ, ನನ್ನ ಮಾತು ಕೇಳ್ತಿಲ್ಲ" ಅಂತ ಅತ್ತರು. ಮಾರನೇ ದಿನವೇ ಕಾರಿನಲ್ಲಿ ಕೂರಿಸಿಕೊಂಡು ಮೈಸೂರಿಗೆ ಕರೆತಂದೆ. ಕಫ ಪರೀಕ್ಷೆ. ಟಿಬಿ.

ಸರ್ಕಾರಿ ಮಾತ್ರೆ, ಉಚಿತ, ಆರು ತಿಂಗಳು. ಮೊದಲೆರಡು ತಿಂಗಳು ನಾಲ್ಕು ಔಷಧ. ಅದರಲ್ಲೊಂದು ರಿಫಾಂಪಿಸಿನ್, ಅದನ್ನು ತಗೊಂಡರೆ ಮೂತ್ರ ಕಿತ್ತಳೆ ಕೆಂಪು ಬಣ್ಣಕ್ಕೆ ಬರುತ್ತೆ. ಎರಡನೇ ದಿನ ಬೆಳಿಗ್ಗೆ ಚಿಕ್ಕಪ್ಪ ಬಚ್ಚಲಿನಿಂದಲೇ ಕೂಗಿದರು. "ಬಾ ಇಲ್ಲಿ ನೋಡು, ನಿಜವಾದ ವಿಷ ಈಗ ಹೊರಗೆ ಹೋಗ್ತಿದೆ!" ಅಷ್ಟು ಸೊರಗಿದ್ದರೂ ತತ್ವ ಬಿಟ್ಟಿರಲಿಲ್ಲ. ವಾಸಿಯಾದರು, ಈಗ ಚೆನ್ನಾಗಿದ್ದಾರೆ. ಆ ಮೂರು ತಿಂಗಳು ಅದೇ ಮನೆಯಲ್ಲಿ ಅವರ ಪಕ್ಕ ಮಲಗುತ್ತಿದ್ದ ಮೊಮ್ಮಗುವಿಗೂ ಪರೀಕ್ಷೆ ಮಾಡಿಸಿದಾಗ ನನಗೆ ಬಂದ ಸಿಟ್ಟು ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ಮಗುವಿಗೆ ಏನೂ ಆಗಿರಲಿಲ್ಲ.

ಇಷ್ಟಾದ ಮೇಲೂ ನಾನು ಹೊಟ್ಟೆಯುರಿಗೆ ಪ್ರಕೃತಿ ಚಿಕಿತ್ಸೆಗೇ ಹೋದೆ ಅಂದರೆ ನಿಮಗೆ ಆಶ್ಚರ್ಯ ಆಗಬಹುದು. ನನ್ನ ಹೆಂಡತಿಗೂ ಆಗಿತ್ತು.

ಆ ಬೋರ್ಡನ್ನು ಪೂರ್ತಿ ಸುಳ್ಳು ಅನ್ನೋಕೆ ನನಗೆ ಆಗೋದಿಲ್ಲ. ಕ್ಷಯದ ರೋಗಾಣು ಒಳಗೆ ಹೊಕ್ಕವರಲ್ಲಿ ಹೆಚ್ಚಿನವರಿಗೆ ಜೀವನಪೂರ್ತಿ ಕಾಯಿಲೆ ಬರೋದೇ ಇಲ್ಲ, ಮೈ ಅದನ್ನು ಅಲ್ಲಲ್ಲೇ ಕಟ್ಟಿಹಾಕಿ ಕೂರಿಸಿರುತ್ತೆ. ಸೊರಗಿದಾಗ, ಹೊಟ್ಟೆಗಿಲ್ಲದಾಗ, ಸಕ್ಕರೆ ಕಾಯಿಲೆ ಇದ್ದಾಗ ಅದು ಎದ್ದು ಬರೋದು ಜಾಸ್ತಿ. ಟಿಬಿಗೆ ಮದ್ದೇ ಇಲ್ಲದ ಕಾಲದಲ್ಲಿ ಸ್ಯಾನಟೋರಿಯಂಗಳಲ್ಲಿ ಮಾಡುತ್ತಿದ್ದುದು ಇದೇ ತಾನೆ? ನಮ್ಮ ಮೈಸೂರಿನ ಪಿಕೆಟಿಬಿ ಆಸ್ಪತ್ರೆ, ಮಹಾರಾಜರ ಮನೆತನದ ಕೃಷ್ಣಾಜಮ್ಮಣ್ಣಿಯವರ ಹೆಸರಿನದು, ಆ ಕಾಲದ್ದೇ. ಒಳ್ಳೆ ಗಾಳಿ, ವಿಶ್ರಾಂತಿ, ಒಳ್ಳೆ ಊಟ. ಕೆಲವರು ಉಳಿಯುತ್ತಿದ್ದರು, ತುಂಬಾ ಜನ ಹೋಗುತ್ತಿದ್ದರು. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿತು, ಆಮೇಲೆ ಉಳಿದ ಔಷಧಗಳು ಬಂದವು, ಲೆಕ್ಕ ಬದಲಾಯಿತು.

ಈ ಮಾತನ್ನು ನಾನು ತಿಪಟೂರಿನ ಯಜಮಾನರಿಗೆ ಹೇಳಿದ್ದೆ, ಆರನೇ ದಿನವೋ ಏನೋ, ಇಬ್ಬರೂ ಬಿಸಿಲಿಗೆ ಬಾಳೆ ಎಲೆ ಸುತ್ತಿಕೊಂಡು ಒಗ್ಗರಣೆಗೆ ಕಾದ ಪತ್ರೊಡೆಯ ಥರ ಮಲಗಿದ್ದಾಗ. ಇಲ್ಲಿಯವರು ಮೈ ಅನ್ನೋ ಭೂಮಿ ಮುಖ್ಯ, ರೋಗಾಣು ಅನ್ನೋ ಬೀಜ ಅಲ್ಲ ಅಂತಾರೆ, ನೀವು ರೈತರು, ನೀವು ಏನಂತೀರಿ ಅಂದೆ. ಎಲೆಯೊಳಗಿಂದಲೇ ಉತ್ತರ ಬಂತು.

"ನುಸಿ ಪೀಡೆ ಬಂದಾಗ ನೋಡೀವಿ ಸಾರ್. ಗೊಬ್ಬರ ನೀರು ಚೆನ್ನಾಗಿ ಕಂಡ ಮರ ಒಂದಷ್ಟು ತಡ್ಕೊಂತು. ಬಡಕಲು ಮರದ ಕಾಯೆಲ್ಲ ಉದುರಿ ಹೋದೊ. ಭೂಮಿ ಮುಖ್ಯ, ಅದು ದಿಟ. ಹಂಗಂತ ನುಸಿನೇ ಇಲ್ಲ ಅನ್ನಕಾಯ್ತದಾ?"

ಇಡೀ ಹತ್ತು ದಿನದಲ್ಲಿ ನಾನು ಕೇಳಿದ ಅತಿ ಒಳ್ಳೆಯ ಪಾಠ ಅದು.

ಅದೇ ಯಜಮಾನರು ಇನ್ನೊಂದು ಕೆಲಸ ಮಾಡಿದ್ದರು. ಬೋರ್ಡಿನಲ್ಲಿ ಔಷಧ ಬೇಡ ಅಂತ ಬರೆದಿದ್ದಾರಲ್ಲ ಅಂತ, ತಮ್ಮಷ್ಟಕ್ಕೆ ಬಿಪಿ ಮಾತ್ರೆ ನಿಲ್ಲಿಸಿಬಿಟ್ಟಿದ್ದರು. ಮೂರನೇ ದಿನ ಬಿಪಿ ನೋಡಿದಾಗ ಸಿಕ್ಕಿಬಿದ್ದರು. ಆ ಹೆಣ್ಣುಮಗಳು ಡಾಕ್ಟರ್ ಬೈದಿದ್ದು ಕೇಳಬೇಕಿತ್ತು. "ಅಜ್ಜಾ, ನಾನು ನಿಲ್ಲಿಸಿ ಅಂತ ಹೇಳಿದ್ನಾ? ತೂಕ ಇಳೀಲಿ, ಉಪ್ಪು ಕಮ್ಮಿ ಆಗ್ಲಿ, ಬಿಪಿ ತಾನಾಗಿ ಇಳಿದ್ರೆ ನಿಮ್ಮ ಡಾಕ್ಟರ್ ಹತ್ರ ಮಾತಾಡಿ ಕಮ್ಮಿ ಮಾಡೋಣ. ಬೋರ್ಡ್ ನೋಡ್ಕೊಂಡು ಮಾತ್ರೆ ಬಿಡ್ತಾರಾ ಯಾರಾದ್ರೂ?"

ನಾನು ಆಕೆಯನ್ನೇ ಕೇಳಿದೆ, ಮತ್ತೆ ಬೋರ್ಡ್ ಯಾಕಮ್ಮಾ ಹಾಗಿದೆ ಅಂತ. ನಕ್ಕರು. ಅವರು ಓದಿದ್ದು ಬಿಎನ್‌ವೈಎಸ್, ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ, ಐದೂವರೆ ವರ್ಷದ ಕೋರ್ಸು. 1989ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದವರ ಕಾಲೇಜು ಶುರುವಾಯಿತಲ್ಲ, ಅಲ್ಲಿಂದ ಈ ಓದು ನಮ್ಮ ಕಡೆ ಬೆಳೆಯಿತು. ಅಂಗರಚನೆ, ಶರೀರಕ್ರಿಯೆ, ರೋಗಶಾಸ್ತ್ರ ಎಲ್ಲ ಓದಬೇಕು. ಮೈಕ್ರೋಬಯಾಲಜಿಯೂ ಇದೆ. ಅಂದರೆ ರೋಗಾಣುವಿನ ಬಗ್ಗೆ ಪರೀಕ್ಷೆ ಬರೆದು ಪಾಸಾದವರು, ರೋಗಾಣು ಮೂಲ ಕಾರಣವಲ್ಲ ಅನ್ನುವ ಬೋರ್ಡಿನ ಕೆಳಗೆ ಕೆಲಸ ಮಾಡುತ್ತಾರೆ. ನನಗೆ ಆ ಪಠ್ಯಪುಸ್ತಕವೇ ವಾಸಿ ಅನ್ನಿಸಿತು.

ಗಾಂಧೀಜಿಯ ಹೆಸರು ಹೇಳಿ ವಾದ ಮಾಡುವವರಿಗೆ ನಾನು ಎರಡು ಘಟನೆ ಹೇಳುತ್ತೇನೆ. 1902ರಲ್ಲಿ ಮುಂಬೈಯಲ್ಲಿ ಅವರ ಮಗ ಮಣಿಲಾಲನಿಗೆ ವಿಷಮಶೀತ ಜ್ವರ, ಜೊತೆಗೆ ನ್ಯುಮೋನಿಯಾ. ಹುಡುಗನಿಗೆ ಹತ್ತು ವರ್ಷ. ಪಾರ್ಸಿ ಡಾಕ್ಟರ್ ಮೊಟ್ಟೆ, ಕೋಳಿ ಸಾರು ಕೊಡಿ ಅಂದರು. ಗಾಂಧೀಜಿ ಒಪ್ಪಲಿಲ್ಲ, ಕೂನೆಯ ಕಟಿಸ್ನಾನ, ನೀರು ಬೆರೆಸಿದ ಕಿತ್ತಳೆ ರಸ ಕೊಟ್ಟರು, ಜ್ವರ 104ಕ್ಕೆ ಹೋದಾಗ ಒದ್ದೆ ಬಟ್ಟೆ ಸುತ್ತಿ ಮಲಗಿಸಿ, ಹೆದರಿಕೆಯಿಂದ ರಾಮನಾಮ ಹೇಳುತ್ತಾ ಬೀದಿಯಲ್ಲಿ ಅಡ್ಡಾಡಿ ಬಂದರು. ಹುಡುಗ ಉಳಿದ. ನನಗೆ ಇಷ್ಟವಾಗುವುದು ಆಮೇಲೆ ಆತ್ಮಕಥೆಯಲ್ಲಿ ಅವರು ಬರೆದದ್ದು. ಇದು ದೇವರ ದಯೆಯೋ, ನೀರಿನ ಚಿಕಿತ್ಸೆಯೋ, ಪಥ್ಯ ಮತ್ತು ಆರೈಕೆಯೋ, ಯಾರು ಹೇಳಬಲ್ಲರು ಅನ್ನುತ್ತಾರೆ. ತನ್ನ ಚಿಕಿತ್ಸೆ ಗೆದ್ದಾಗಲೂ ಅನುಮಾನ ಇಟ್ಟುಕೊಂಡ ಮನುಷ್ಯ. ಇನ್ನೊಂದು, 1924ರ ಜನವರಿ. ಜೈಲಿನಲ್ಲಿದ್ದಾಗ ಅಪೆಂಡಿಸೈಟಿಸ್ ಆಯಿತು. ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಬ್ರಿಟಿಷ್ ಡಾಕ್ಟರ್ ಮ್ಯಾಡಕ್ ಆಪರೇಷನ್ ಮಾಡಿದರು, ನಡುವೆ ಕರೆಂಟು ಹೋಗಿ ಲಾಂದ್ರದ ಬೆಳಕಿನಲ್ಲಿ ಮುಗಿಸಿದರಂತೆ. ಗಾಂಧೀಜಿ ಮಣ್ಣಿನ ಪಟ್ಟಿಯೇ ಸಾಕು ಅಂತ ಹಟ ಹಿಡಿಯಲಿಲ್ಲ. ಅದಾಗಿ ಇಪ್ಪತ್ತೆರಡು ವರ್ಷದ ಮೇಲೆ, 1946ರಲ್ಲಿ, ಅದೇ ಪುಣೆ ಹತ್ತಿರದ ಉರುಳಿ ಕಾಂಚನದಲ್ಲಿ ಬಡವರಿಗಾಗಿ ಪ್ರಕೃತಿ ಚಿಕಿತ್ಸೆಯ ಆಶ್ರಮ ಶುರುಮಾಡಿದವರೂ ಅವರೇ.

ನನ್ನ ಹೊಟ್ಟೆಯುರಿ ಏನಾಯಿತು ಅಂತ ಕೇಳುತ್ತೀರಿ. ಮುಕ್ಕಾಲು ಭಾಗ ಹೋಯಿತು. ಮಣ್ಣಿನಿಂದಲೋ, ಹತ್ತು ದಿನ ಆಫೀಸಿನ ಫೋನು ಎತ್ತದೆ ಇದ್ದಿದ್ದರಿಂದಲೋ, ಮನೆಗೆ ಬಂದ ಮೇಲೆ ರಾತ್ರಿ ಊಟ ಏಳೂವರೆಗೆ ತಂದಿದ್ದರಿಂದಲೋ, ಕಾಫಿ ಆರರಿಂದ ಎರಡಕ್ಕೆ ಇಳಿದಿದ್ದರಿಂದಲೋ, ಇದಕ್ಕೂ ಗಾಂಧೀಜಿಯ ಉತ್ತರವೇ. ಮಾತ್ರೆಯನ್ನು ಡಾಕ್ಟರ್ ಹೇಳಿದ ಹಾಗೆ ಮೂರು ತಿಂಗಳಲ್ಲಿ ನಿಧಾನಕ್ಕೆ ಇಳಿಸಿದೆ. ಮದುವೆಮನೆ ಊಟ ಮಾಡಿದ ರಾತ್ರಿ ಈಗಲೂ ಉರಿಯುತ್ತೆ. ಉರಿಯಬೇಕಾದ್ದೇ.

ಕಳೆದ ವಾರ ಮಗಳಿಗೆ ಜ್ವರ ಬಂತು, 101. ಮೊದಲಾಗಿದ್ದರೆ ಅರ್ಧ ಗಂಟೆಯಲ್ಲಿ ಸಿರಪ್ಪು, ಒಂದು ಗಂಟೆಯಲ್ಲಿ ಕ್ಲಿನಿಕ್ಕು, ಆಂಟಿಬಯೋಟಿಕ್ ಬರೆದುಕೊಡಿ ಅಂತ ನಾನೇ ಡಾಕ್ಟರನ್ನು ಪೀಡಿಸುತ್ತಿದ್ದೆ. ಈ ಸಲ ಹಣೆಗೆ ಒದ್ದೆ ಬಟ್ಟೆ, ಗಂಜಿ, ನೀರು, ನಿದ್ದೆ. ಮಿತ್ರ ಬಂದಿದ್ದಾನೆ, ಇರಲಿ. ಆದರೆ ದಿಂಬಿನ ಪಕ್ಕ ಥರ್ಮಾಮೀಟರು, ಫ್ರಿಜ್ ಮೇಲೆ ಒಂದು ಚೀಟಿ, ಅದರಲ್ಲಿ ಟೈಮು ಮತ್ತು ಜ್ವರದ ಲೆಕ್ಕ, ಕೆಳಗೆ ಕೆಂಪು ಶಾಯಿಯಲ್ಲಿ ಹೆಂಡತಿ ಬರೆದದ್ದು: ಗುರುವಾರ ಬೆಳಿಗ್ಗೆಯೂ ಇದ್ದರೆ ರಕ್ತ ಪರೀಕ್ಷೆ, ಅದಕ್ಕೆ ಮುಂಚೆ ಜಾಸ್ತಿಯಾದರೆ ಅವತ್ತೇ.

ಬುಧವಾರ ರಾತ್ರಿ ಜ್ವರ ಬಿಟ್ಟಿತು. ಬೆವರಿ ಎದ್ದು ಕೂತವಳು ಮೊದಲು ಕೇಳಿದ್ದು, "ಅಪ್ಪಾ, ಗಂಜಿ ಸಾಕು, ಮ್ಯಾಗಿ ಮಾಡ್ಕೊಡ್ತೀಯಾ?"

ಮಾಡಿಕೊಟ್ಟೆ. ಅವಳಮ್ಮ ಮಲಗಿದ್ದಳು.